ಬೆಂಗಳೂರು ವಿಶ್ವವಿದ್ಯಾಲಯದ ಜಾನಪದ ದೃಷ್ಟಿ: ಹೆಬ್ಬಗೋಡಿಯ ನೆಲೆಯಿಂದ ಒಂದು ಪರಿಶೀಲನೆ

ವಿಶ್ವವಿದ್ಯಾಲಯವೊಂದರ ಸಮೀಕ್ಷೆ ಎಂದರೆ ಸಾಮಾನ್ಯವಾಗಿ ಅದರ ಸ್ಥಾಪನೆಯ ವರ್ಷ, ಕುಲಪತಿಗಳ ಪರಂಪರೆ, ವಿಭಾಗಗಳ ಸಂಖ್ಯೆ, ಆವರಣದ ವಿಸ್ತೀರ್ಣ, ಹೊರಬಂದ ಪದವೀಧರರ ಲೆಕ್ಕ ಇವುಗಳ ನಿರೂಪಣೆಯಾಗಿರುತ್ತದೆ. ಇವು ಅಗತ್ಯವಾದ ವಿವರಗಳೇ. ಆದರೆ ಸಾರ್ವಜನಿಕ ಹಣದಿಂದ, ಸಾರ್ವಜನಿಕರ ಹೆಸರಿನಲ್ಲಿ ನಡೆಯುವ ಸಂಶೋಧನ ಸಂಸ್ಥೆಯನ್ನು ಅಳೆಯಲು ಇನ್ನೊಂದು ಮಾನದಂಡವೂ ಉಂಟು. ತನ್ನ ಸುತ್ತಲಿನ ಜನರ ತಿಳಿವಳಿಕೆಯನ್ನು ಅದು ವಿದ್ಯೆಯೆಂದು ಎಷ್ಟರಮಟ್ಟಿಗೆ ಒಪ್ಪಿಕೊಂಡಿತು ಎಂಬುದೇ ಆ ಮಾನದಂಡ. ಜಾನಪದ ಅಧ್ಯಯನ ಈ ಪ್ರಶ್ನೆಯನ್ನು ಕೇಳಲು ಯೋಗ್ಯವಾದ ಶಿಸ್ತು. ಏಕೆಂದರೆ ವಿಶ್ವವಿದ್ಯಾಲಯದ ಒಳಗೆ ಜನಸಾಮಾನ್ಯರ ಪರವಾಗಿ ಪ್ರವೇಶ ಪಡೆದ ಜ್ಞಾನಶಾಖೆ ಇದು.

ಪ್ರಸ್ತುತ ಲೇಖನದಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನು ಈ ಮಾನದಂಡದಿಂದ ಪರಿಶೀಲಿಸಲಾಗಿದೆ. ಪರಿಶೀಲನೆಯ ನೆಲೆಯಾಗಿ ಆನೇಕಲ್ ತಾಲ್ಲೂಕಿನ ಹೆಬ್ಬಗೋಡಿಯನ್ನು ಆರಿಸಿಕೊಳ್ಳಲಾಗಿದೆ. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶಕ್ಕೂ ನಡುವೆ ಇರುವ ಈ ಊರು ಹಳ್ಳಿಯಾಗಿ ಉಳಿದಿಲ್ಲ. ಹಳ್ಳಿಯ ಚಹರೆಯನ್ನು ಪೂರ್ಣವಾಗಿ ಕಳೆದುಕೊಂಡೂ ಇಲ್ಲ. ಇಂತಹ ಊರನ್ನು ನಮ್ಮ ಜಾನಪದ ಸಂಶೋಧನೆ ಯಾವ ಕಣ್ಣಿನಿಂದ ನೋಡಿತು ಎಂಬುದು ಈ ಲೇಖನದ ಮುಖ್ಯ ಪ್ರಶ್ನೆ.

ಮೈಸೂರಿನ ಬೇರು

ಬೆಂಗಳೂರು ವಿಶ್ವವಿದ್ಯಾಲಯದ ಜಾನಪದ ದೃಷ್ಟಿಯ ಬೇರುಗಳು ಮೈಸೂರು ವಿಶ್ವವಿದ್ಯಾಲಯದಲ್ಲಿವೆ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯದಲ್ಲಿ, ದಿವಾನ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಮೈಸೂರು ವಿಶ್ವವಿದ್ಯಾಲಯ ಆರಂಭವಾದಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಮುಖ್ಯ ಅಂಗಗಳಲ್ಲಿ ಒಂದಾಗಿತ್ತು. ಕಲಾ ವಿಷಯಗಳು ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೂ ವಿಜ್ಞಾನ ವಿಷಯಗಳು ಸೆಂಟ್ರಲ್ ಕಾಲೇಜಿನಲ್ಲಿಯೂ ನೆಲೆಗೊಂಡವು. ಈ ಹಂಚಿಕೆಯ ಪರಿಣಾಮವಾಗಿ ಬೆಂಗಳೂರಿನ ಉನ್ನತ ಶಿಕ್ಷಣ ಬಹುಕಾಲ ಪ್ರಯೋಗಾಲಯದ ಕಡೆಗೂ ಮೈಸೂರಿನದು ಗ್ರಂಥದ ಕಡೆಗೂ ವಾಲಿಕೊಂಡಿತು.

ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು ಮೈಸೂರು ಸಂಸ್ಥಾನದ ಜನಾಂಗಿಕ ಸಮೀಕ್ಷೆಯನ್ನು ನಡೆಸಿದವರು ಎಂಬ ಸಂಗತಿ ಜಾನಪದ ಅಧ್ಯಯನಕ್ಕೆ ಬಹು ಮುಖ್ಯವಾದುದು. ಅವರು ಸಂಗ್ರಹಿಸಿದ ಸಾಮಗ್ರಿ ಅವರ ನಿಧನಾನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಪರಿಶ್ರಮ ಸೇರಿ 1928ರಿಂದ 1935ರವರೆಗೆ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳನ್ನು ಕುರಿತ ನಾಲ್ಕು ಇಂಗ್ಲಿಷ್ ಸಂಪುಟಗಳಾಗಿ ಪ್ರಕಟವಾಯಿತು. ಮದುವೆ, ಸೂತಕ, ಕುಲದೈವ, ಕಸುಬು, ಒಕ್ಕಲುತನದ ಆಚರಣೆಗಳು ಮೊದಲ ಬಾರಿಗೆ ವ್ಯವಸ್ಥಿತವಾಗಿ ದಾಖಲಾದದ್ದು ಇಂತಹ ಸಂಪುಟಗಳಲ್ಲಿ. ಆದರೆ ಇಲ್ಲಿ ಜನ ಕಾಣಿಸಿಕೊಳ್ಳುವುದು ಜಾತಿಯ ಘಟಕಗಳಾಗಿ. ಒಂದೇ ಊರಿನಲ್ಲಿ ಒಂದೇ ಕೆರೆಯ ನೀರನ್ನು ಹಂಚಿಕೊಂಡು, ಒಂದೇ ಜಾತ್ರೆಗೆ ಬೇರೆಬೇರೆ ಹೊಣೆ ಹೊತ್ತು ಬಾಳುವ ಸಮೂಹವಾಗಿ ಅವರು ಕಾಣುವುದಿಲ್ಲ. ಆಡಳಿತಕ್ಕೆ ಬೇಕಾದ ವರ್ಗೀಕರಣದ ಈ ಕ್ರಮ ಮುಂದಿನ ಜಾನಪದ ಸಂಶೋಧನೆಗೂ ಬಳುವಳಿಯಾಗಿ ಬಂದಿತು.

ಸ್ವಾತಂತ್ರ್ಯಾನಂತರ ದೃಷ್ಟಿ ಬದಲಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಿ.ಎಸ್. ಗದ್ದಗಿಮಠ ಅವರು ಕನ್ನಡ ಜಾನಪದ ಗೀತೆಗಳನ್ನು ಪಿಎಚ್.ಡಿ. ಅಧ್ಯಯನದ ವಸ್ತುವಾಗಿಸಿದರು. ಕುವೆಂಪು ಅವರು ಕುಲಪತಿಗಳಾಗಿದ್ದ ಕಾಲದಲ್ಲಿ ರೂಪುಗೊಂಡ ಮಾನಸಗಂಗೋತ್ರಿಯಲ್ಲಿ ದೇ. ಜವರೇಗೌಡರ ನೇತೃತ್ವದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಬೆಳೆಯಿತು. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರ ಕ್ಷೇತ್ರಕಾರ್ಯದ ಫಲವಾಗಿ 1960ರ ದಶಕದ ಕೊನೆಯಲ್ಲಿ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಗೊಂಡಿತು. ಸೋಮನ ಮುಖ, ತೊಗಲುಗೊಂಬೆ, ಒಕ್ಕಲುತನದ ಉಪಕರಣ, ಅಳತೆಯ ಪಾತ್ರೆಗಳಂತಹವು ರಾಜಕುಮಾರಿಗಾಗಿ ಕಟ್ಟಿದ ಮಹಲಿನೊಳಗೆ ಗೌರವದ ಸ್ಥಾನ ಪಡೆದವು. ಇದು ಕನ್ನಡದ ಸಂದರ್ಭದಲ್ಲಿ ಸಣ್ಣ ಕ್ರಾಂತಿಯೇ ಸರಿ. ಆದರೆ ಸಂಗ್ರಹಾಲಯದ ತರ್ಕಕ್ಕೆ ಒಂದು ಮಿತಿಯುಂಟು: ಬಳಕೆ ನಿಂತ ಮೇಲೆಯೇ ವಸ್ತು ಅಲ್ಲಿಗೆ ಬರುತ್ತದೆ. ಹೀಗಾಗಿ ಜಾನಪದವೆಂದರೆ ಮರೆಯಾಗುತ್ತಿರುವುದು, ಆದುದರಿಂದ ರಕ್ಷಿಸಬೇಕಾದುದು ಎಂಬ ತಿಳಿವಳಿಕೆ ಬಲವಾಯಿತು.

ಇದೇ ಜಯಲಕ್ಷ್ಮೀವಿಲಾಸ ಶಿಥಿಲಗೊಂಡಾಗ 2000ದ ದಶಕದಲ್ಲಿ ಅದರ ಜೀರ್ಣೋದ್ಧಾರಕ್ಕೆ ನೆರವು ನೀಡಿದ್ದು ಇನ್ಫೋಸಿಸ್ ಪ್ರತಿಷ್ಠಾನ. ಆ ಸಂಸ್ಥೆಯ ಮುಖ್ಯ ಆವರಣ ಇರುವುದು ಹೆಬ್ಬಗೋಡಿಯ ನೆರೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಮೈಸೂರು ಸೀಮೆಯ ಹಳೆಯ ಹಳ್ಳಿಯ ವಸ್ತುಗಳಿಗೆ ಸೂರು ಒದಗಿಸಲು ಹೊಸ ಉದ್ಯಮದ ಸಂಪತ್ತು ನೆರವಾಯಿತು. ಆ ಉದ್ಯಮದ ಆವರಣದ ಸುತ್ತಲಿನ ಹಳ್ಳಿಗಳ ಜಾನಪದದ ಗತಿಯೇನು ಎಂಬ ಪ್ರಶ್ನೆ ಮಾತ್ರ ಉಳಿದುಕೊಂಡಿತು.

ಜ್ಞಾನಭಾರತಿ: ನಗರದ ವಿಶ್ವವಿದ್ಯಾಲಯ

1964ರ ಜುಲೈನಲ್ಲಿ ಸೆಂಟ್ರಲ್ ಕಾಲೇಜು ಮತ್ತು ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜುಗಳನ್ನು ಒಳಗೊಂಡು ಬೆಂಗಳೂರು ವಿಶ್ವವಿದ್ಯಾಲಯ ಮೈಸೂರಿನಿಂದ ಬೇರೆಯಾಯಿತು. ಮೊದಲಿಗೆ ಅದು ನಗರದ ಕಾಲೇಜುಗಳ ವಿಶ್ವವಿದ್ಯಾಲಯ. 1970ರ ದಶಕದ ಕಾಯಿದೆಯ ನಂತರ ಸುತ್ತಲಿನ ಜಿಲ್ಲೆಗಳ ಕಾಲೇಜುಗಳೂ ಸೇರಿ ನಾಡಿನ ಅತಿ ದೊಡ್ಡ ಸಂಯೋಜಕ ವಿಶ್ವವಿದ್ಯಾಲಯಗಳಲ್ಲಿ ಒಂದಾಯಿತು. ವಿ.ಕೃ. ಗೋಕಾಕರು 1960ರ ದಶಕದ ಉತ್ತರಾರ್ಧದಲ್ಲಿ ಇದರ ಕುಲಪತಿಗಳಾಗಿದ್ದರು. 1972ರಿಂದ 1977ರವರೆಗೆ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರ ಕಾಲದಲ್ಲಿ ನಗರದ ಪಶ್ಚಿಮಕ್ಕೆ ಸುಮಾರು 1,100 ಎಕರೆಯ ಜ್ಞಾನಭಾರತಿ ಆವರಣ ರೂಪುಗೊಂಡಿತು. ಸಂಗೀತ, ನೃತ್ಯ, ನಾಟಕ ವಿಷಯಗಳಿಗೆ ವಿಶ್ವವಿದ್ಯಾಲಯದಲ್ಲಿ ಸ್ಥಾನ ಕಲ್ಪಿಸಿದವರೂ ಅವರೇ.

ಇಲ್ಲಿ ಒಂದು ಸಮಕಾಲೀನತೆಯನ್ನು ಗಮನಿಸಬೇಕು. ಜ್ಞಾನಭಾರತಿ ರೂಪುಗೊಂಡದ್ದು 1973ರಲ್ಲಿ. ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗ ಅವರ ಯೋಜನೆಯಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ್ದು 1978ರಲ್ಲಿ. ಒಂದೇ ದಶಕದಲ್ಲಿ ನಗರದ ಎರಡು ಅಂಚುಗಳಲ್ಲಿ, ಹಳ್ಳಿಗಳ ನಡುವೆ, ವಿದ್ಯೆಯ ಆವರಣವೊಂದು ಮತ್ತು ಉದ್ಯಮದ ಆವರಣವೊಂದು ತಲೆಯೆತ್ತಿದವು. ಎರಡೂ ಹೊಲ, ತೋಪು, ಕೆರೆಯಂಗಳಗಳ ಸೀಮೆಯಲ್ಲಿ ಬೇಲಿ ಹಾಕಿಕೊಂಡು ಬೆಳೆದವು. ಆದುದರಿಂದ ನಗರದಂಚಿನ ಬದುಕಿನ ಪಲ್ಲಟವನ್ನು ವಿಶ್ವವಿದ್ಯಾಲಯ ದೂರದಿಂದ ನೋಡುವ ಸಾಕ್ಷಿ ಮಾತ್ರ ಆಗಿರಲಿಲ್ಲ. ಅದು ಆ ಪಲ್ಲಟದ ಭಾಗವೂ ಆಗಿತ್ತು.

ಮೂರು ದೃಷ್ಟಿಗಳು

ಬೆಂಗಳೂರು ವಿಶ್ವವಿದ್ಯಾಲಯ ಜನಪದ ಲೋಕವನ್ನು ಎದುರುಗೊಂಡ ಕ್ರಮದಲ್ಲಿ ಮೂರು ದೃಷ್ಟಿಗಳನ್ನು ಗುರುತಿಸಬಹುದು.

ಮೊದಲನೆಯದು ಪರೀಕ್ಷಕ ದೃಷ್ಟಿ. 1976ರಲ್ಲಿ ಎಚ್. ನರಸಿಂಹಯ್ಯನವರು ಪವಾಡಗಳು ಹಾಗೂ ಪರಿಶೀಲನೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳ ತನಿಖೆಗಾಗಿ ಸಮಿತಿಯನ್ನು ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪವಾಡಗಳ ಪರಿಶೀಲನೆಗೆ ಅವಕಾಶ ನೀಡುವಂತೆ ಪತ್ರ ಬರೆದದ್ದು ದೇಶದಾದ್ಯಂತ ಚರ್ಚೆಯಾಯಿತು. ಸಾರ್ವಜನಿಕ ವಿಶ್ವವಿದ್ಯಾಲಯವೊಂದು ಪ್ರಭಾವಶಾಲಿ ವ್ಯಕ್ತಿಯನ್ನು ಪ್ರಶ್ನಿಸುವ ಧೈರ್ಯ ತೋರಿದ ಈ ಪ್ರಸಂಗ ಕರ್ನಾಟಕದ ಬೌದ್ಧಿಕ ಚರಿತ್ರೆಯಲ್ಲಿ ಮುಖ್ಯವಾದುದು. ಪ್ರಶ್ನಿಸದೆ ಒಪ್ಪಬೇಡ ಎಂಬ ಅವರ ನಿಲುವು ಜಾನಪದ ವಿದ್ವಾಂಸನಿಗೂ ಬೇಕಾದುದೇ. ಆದರೆ ಪವಾಡಪುರುಷನ ಕೈಯ ವಿಭೂತಿಗೂ ಊರಮ್ಮನಿಗೆ ಹೊತ್ತ ಹರಕೆಗೂ ವ್ಯತ್ಯಾಸವಿದೆ. ಮೊದಲನೆಯದು ತನ್ನನ್ನು ಭೌತಿಕ ಸತ್ಯವೆಂದು ಸಾಧಿಸಲು ಹೊರಡುತ್ತದೆ. ಎರಡನೆಯದು ಮಳೆ, ಮಗು, ರೋಗ, ಒಗ್ಗಟ್ಟುಗಳ ಬಗೆಗಿನ ಸಮುದಾಯದ ಆತಂಕವನ್ನು ಆಚರಣೆಯ ಭಾಷೆಯಲ್ಲಿ ಹೇಳುತ್ತದೆ. ಪರೀಕ್ಷಕ ದೃಷ್ಟಿ ಮೊದಲನೆಯದನ್ನು ಅಳೆಯಬಲ್ಲದು. ಎರಡನೆಯದನ್ನು ಅರ್ಥಮಾಡಿಕೊಳ್ಳಲು ಬೇರೆಯ ಸಲಕರಣೆ ಬೇಕು.

ಎರಡನೆಯದು ಸೃಜನಶೀಲ ದೃಷ್ಟಿ. ಜಿ.ಎಸ್. ಶಿವರುದ್ರಪ್ಪನವರ ನೇತೃತ್ವದಲ್ಲಿ ಬೆಳೆದ ಕನ್ನಡ ಅಧ್ಯಯನ ಕೇಂದ್ರ ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆಯಂತಹ ಯೋಜನೆಗಳನ್ನು ಕೈಗೊಂಡಿತು. 1970 ಮತ್ತು 80ರ ದಶಕಗಳಲ್ಲಿ ಇಲ್ಲಿ ಅಧ್ಯಾಪಕರಾಗಿದ್ದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ವಿದ್ವಾಂಸರು. ‘ಜೋಕುಮಾರಸ್ವಾಮಿ’ಯ ಮೂಲಕ ಬಯಲಾಟದ ರೂಪವನ್ನು ಆಧುನಿಕ ರಂಗಕ್ಕೆ ತಂದವರು. ಅವರ ಸಂಪಾದಕತ್ವದ ‘ಕನ್ನಡ ಜಾನಪದ ವಿಶ್ವಕೋಶ’ವನ್ನು 1985ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಪ್ರಕಟಿಸಿತು. ಜನಪದವನ್ನು ಸತ್ತ ಅವಶೇಷವೆಂದು ಕಾಣದೆ ಹೊಸ ಸೃಷ್ಟಿಯ ಮೂಲವೆಂದು ಕಂಡದ್ದು ಈ ದೃಷ್ಟಿಯ ಹಿರಿಮೆ. ಆದರೆ ಬೆಂಗಳೂರಿನಲ್ಲಿ ಕುಳಿತು ಬರೆದ ಈ ಸಾಹಿತ್ಯದ ಕಲ್ಪನೆಯ ಊರು ಬೆಂಗಳೂರಿನ ಸುತ್ತಣ ಊರಾಗಿರಲಿಲ್ಲ. ಅದು ಬೆಳಗಾವಿ ಸೀಮೆಯ ನೆನಪಿನ ನೆಲ. ಲೇಖಕನೊಬ್ಬ ತನ್ನ ನೆಲವನ್ನು ಬರೆಯುವುದು ಸಹಜವೇ ಆದ್ದರಿಂದ ಇದನ್ನು ದೋಷವೆನ್ನಲಾಗದು. ಆದರೆ ಸಂಶೋಧನ ವಿಭಾಗವೂ ಅದೇ ದಾರಿಯಲ್ಲಿ ನಡೆದಾಗ, ಆವರಣದ ಗೇಟಿನ ಹೊರಗಿನ ಹಳ್ಳಿ ಯಾರ ನೆನಪಿಗೂ ಸೇರದೆ ಉಳಿಯುತ್ತದೆ.

ಮೂರನೆಯದು ಸಹಭಾಗಿ ದೃಷ್ಟಿ. ಇದರ ಮುಖ್ಯ ಪ್ರತಿನಿಧಿ ಸಿದ್ಧಲಿಂಗಯ್ಯ. ಮಾಗಡಿ ಸೀಮೆಯಲ್ಲಿ ಹುಟ್ಟಿ ಬೆಂಗಳೂರಿನ ಶ್ರೀರಾಮಪುರದಲ್ಲಿ ಬೆಳೆದು, ಇದೇ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಅವರು ಗ್ರಾಮದೇವತೆಗಳನ್ನು ಪಿಎಚ್.ಡಿ. ಅಧ್ಯಯನದ ವಸ್ತುವಾಗಿ ಆರಿಸಿಕೊಂಡರು. ಅವರು ಬರೆಹ ಮತ್ತು ಭಾಷಣಗಳಲ್ಲಿ ಪ್ರಚುರಪಡಿಸಿದ ಮನೆ ಮಂಚಮ್ಮನ ಕಥೆ ಪ್ರಸಿದ್ಧವಾದುದು. ಗುಡಿ ಕಟ್ಟಿ ಸೂರು ಹಾಕಲು ಹೊರಟ ಜನರನ್ನು ದೇವತೆ ತಡೆದು, ಊರಿನಲ್ಲಿ ಎಲ್ಲರಿಗೂ ಮನೆಯಿದೆಯೇ ಎಂದು ವಿಚಾರಿಸುತ್ತಾಳೆ. ಇಲ್ಲವೆಂದು ತಿಳಿದಾಗ ಎಲ್ಲರಿಗೂ ಮನೆಯಾಗುವವರೆಗೆ ತನಗೂ ಸೂರು ಬೇಡವೆನ್ನುತ್ತಾಳೆ. ಪರೀಕ್ಷಕ ದೃಷ್ಟಿಗೆ ಇಲ್ಲಿ ಕಾಣುವುದು ಮೈದುಂಬುವಿಕೆ ಮಾತ್ರ. ಸಿದ್ಧಲಿಂಗಯ್ಯನವರಿಗೆ ಕಂಡದ್ದು ದೇವತೆಯ ಬಾಯಿಂದ ಸಮುದಾಯ ತನಗೆ ತಾನೇ ಹೇಳಿಕೊಂಡ ನ್ಯಾಯ. ವಿಚಾರವಾದಿ ಚಳವಳಿಯಲ್ಲಿ ಪಾಲ್ಗೊಂಡ ಕವಿಯೇ ಗ್ರಾಮದೇವತೆಯ ಗುಡಿಯ ಮುಂದೆ ವಿನಯದಿಂದ ನಿಂತು ಆಲಿಸಿದುದು ಈ ವಿಶ್ವವಿದ್ಯಾಲಯದ ಜಾನಪದ ಚಿಂತನೆಯ ಅತ್ಯಂತ ಫಲವತ್ತಾದ ಘಟ್ಟ. ದೊಡ್ಡಬಳ್ಳಾಪುರದ ನೇಕಾರ ಕುಟುಂಬದಿಂದ ಬಂದ ಡಿ.ಆರ್. ನಾಗರಾಜ್ ಅವರ ಚಿಂತನೆಯೂ ಕೆಳಸಮುದಾಯಗಳ ಸಾಂಸ್ಕೃತಿಕ ನೆನಪನ್ನು ರಾಜಕೀಯ ಶಕ್ತಿಯಾಗಿ ಓದಿತು. 1998ರಲ್ಲಿ ನಾಗರಾಜ್ ಅವರೂ 2021ರಲ್ಲಿ ಸಿದ್ಧಲಿಂಗಯ್ಯನವರೂ ಅಗಲಿದ ಮೇಲೆ ಈ ದಾರಿಯನ್ನು ಮುಂದುವರಿಸುವ ಹೊಣೆ ಸಂಸ್ಥೆಯ ಮೇಲಿದೆ.

ಹೆಬ್ಬಗೋಡಿ ಎಂಬ ಪರೀಕ್ಷೆ

ಈ ಮೂರು ದೃಷ್ಟಿಗಳನ್ನು ಹೆಬ್ಬಗೋಡಿಯ ಮುಂದೆ ಇಟ್ಟು ನೋಡಿದಾಗ ಅವುಗಳ ಬಲವೂ ಕೊರತೆಯೂ ಸ್ಪಷ್ಟವಾಗುತ್ತವೆ. ಈ ಸೀಮೆಯ ಊರ ಹೆಸರುಗಳೇ ಮೊದಲ ದಾಖಲೆಗಳು. ಬೊಮ್ಮಸಂದ್ರ, ಕಮ್ಮಸಂದ್ರ, ವೀರಸಂದ್ರಗಳಲ್ಲಿನ ‘ಸಂದ್ರ’ ಸಮುದ್ರದ ತದ್ಭವ. ಅಂದರೆ ದೊಡ್ಡ ಕೆರೆ. ಹೆಬ್ಬಗೋಡಿ, ಕಾಡುಗೋಡಿಗಳ ಉತ್ತರಪದ ಕೆರೆಯ ‘ಕೋಡಿ’ಯನ್ನು ನೆನಪಿಸುತ್ತದೆ. ಕೆರೆಯಿಂದ ಕೆರೆಗೆ ಹರಿದ ನೀರಿನ ಸಂಬಂಧವೇ ಇಲ್ಲಿಯ ಊರುಗಳ ಸಂಬಂಧವಾಗಿತ್ತು. ಹೆಬ್ಬಗೋಡಿಯ ಕೆರೆ ಮಲಿನಗೊಂಡು, 2010ರ ದಶಕದಲ್ಲಿ ಉದ್ಯಮವೊಂದರ ಪ್ರತಿಷ್ಠಾನದ ನೆರವಿನಿಂದ ಪುನಶ್ಚೇತನಕ್ಕೆ ಒಳಪಟ್ಟಿತು. ಕೆರೆಯ ನೀರಿನ ಗುಣವನ್ನು ಅಳೆಯಲು ವಿಜ್ಞಾನಿಗಳಿದ್ದಾರೆ. ಕೆರೆಗೆ ಸೇರಿದ ಕಥೆ, ಕೋಡಿ ಬಿದ್ದಾಗಿನ ಪೂಜೆ, ನೀರಗಂಟಿಯ ಹಕ್ಕುಬಾಧ್ಯತೆಗಳನ್ನು ಬರೆದಿಡುವ ಕೆಲಸ ಜಾನಪದ ವಿಭಾಗಗಳದು.

ಎರಡನೆಯ ದಾಖಲೆ ಜಾತ್ರೆ. ಹೆಬ್ಬಗೋಡಿಗೆ ಸಮೀಪದ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಲಿನ ಊರುಗಳವರು ನೂರು ಅಡಿಗೂ ಮಿಕ್ಕ ಎತ್ತರದ ತೇರುಗಳನ್ನು ಕಟ್ಟಿ, ಎತ್ತು ಮತ್ತು ಟ್ರ್ಯಾಕ್ಟರುಗಳ ಬಲದಿಂದ ಎಳೆದು ತರುತ್ತಾರೆ. 2024ರಲ್ಲಿ ಒಂದು ತೇರು ಉರುಳಿತು. 2025ರಲ್ಲಿ ಮತ್ತೆ ತೇರುಗಳು ಉರುಳಿ ಪ್ರಾಣಹಾನಿಯೂ ಸಂಭವಿಸಿತು. ಪತ್ರಿಕೆಗಳು ಇದನ್ನು ಅಪಘಾತವೆಂದು ವರದಿ ಮಾಡಿದವು. ಜಾನಪದ ಸಂಶೋಧಕ ಇದಕ್ಕಿಂತ ಮುಂದೆ ಹೋಗಬೇಕಾಗುತ್ತದೆ. ಹೊಲಗಳು ಬಡಾವಣೆಗಳಾದ ಮೇಲೆ, ಊರ ಗಡಿಗಳು ಅಳಿಸಿಹೋದ ಮೇಲೆ, ತೇರಿನ ಎತ್ತರವೇ ಊರಿನ ಅಸ್ತಿತ್ವದ ಘೋಷಣೆಯಾಗುತ್ತಿದೆಯೇ? ಭೂಮಿಯ ಬೆಲೆ ಏರಿದುದಕ್ಕೂ ತೇರಿನ ಪೈಪೋಟಿಗೂ ಸಂಬಂಧವಿದೆಯೇ? ತೇರು ಕಟ್ಟುವ ಕುಶಲಿಗಳ ಪರಂಪರಾಗತ ಅಳತೆಗಳು ಈ ಪೈಪೋಟಿಯಲ್ಲಿ ಮೂಲೆಗುಂಪಾದವೇ? ಇವು ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಗಳು. ತೇರಿನ ಕಟ್ಟುವಿಕೆಯ ಜ್ಞಾನವನ್ನು ದಾಖಲಿಸಿ ವಿಶ್ಲೇಷಿಸುವುದರಿಂದ ಮುಂದಿನ ಅನಾಹುತವನ್ನು ತಪ್ಪಿಸಲು ನೆರವಾಗಬಹುದಾದರೆ, ಜಾನಪದ ಸಂಶೋಧನೆಗೆ ಅದಕ್ಕಿಂತ ಹೆಚ್ಚಿನ ಸಾರ್ಥಕತೆ ಬೇಕಿಲ್ಲ.

ಮೂರನೆಯದು ದುಡಿಮೆಯ ಜಾನಪದ. 2016ರ ಏಪ್ರಿಲ್ 18 ಮತ್ತು 19ರಂದು ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ಕೇಂದ್ರ ಸರ್ಕಾರ ವಿಧಿಸಿದ ನಿರ್ಬಂಧದ ವಿರುದ್ಧ ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರು, ಅವರಲ್ಲಿ ಬಹುಪಾಲು ಮಹಿಳೆಯರು, ಹೊಸೂರು ರಸ್ತೆಗೆ ಇಳಿದರು. ಬೊಮ್ಮನಹಳ್ಳಿಯಲ್ಲಿ ಆರಂಭವಾದ ಪ್ರತಿಭಟನೆ ಹೆಬ್ಬಗೋಡಿಗೂ ಹಬ್ಬಿತು. ಇಲ್ಲಿಯ ಪೊಲೀಸ್ ಠಾಣೆಯಲ್ಲಿದ್ದ ವಾಹನಗಳಿಗೆ ಬೆಂಕಿ ಬಿದ್ದಿತು. ಸರ್ಕಾರ ನಿರ್ಬಂಧವನ್ನು ಹಿಂತೆಗೆದುಕೊಂಡಿತು. ಕೂಲಿಯ ಒಂದು ಪಾಲನ್ನು ಮಗಳ ಮದುವೆಗೋ ಊರಿನ ಸಾಲಕ್ಕೋ ಮೀಸಲಿಟ್ಟ ಹೆಣ್ಣುಮಕ್ಕಳಲ್ಲಿ ಸುದ್ದಿ ಹೇಗೆ ಹರಡಿತು, ಯಾವ ಮಾತುಗಳು ಅವರನ್ನು ಒಗ್ಗೂಡಿಸಿದವು, ಆ ಎರಡು ದಿನಗಳನ್ನು ಅವರು ಇಂದು ಯಾವ ಕಥನವಾಗಿ ಹೇಳುತ್ತಾರೆ ಎಂಬುದು ಮೌಖಿಕ ಪರಂಪರೆಯ ಅಧ್ಯಯನದ ವಸ್ತು. ಬೀಸುವ ಕಲ್ಲಿನ ಪದಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದ ಶಿಸ್ತು ಹೊಲಿಗೆ ಯಂತ್ರದ ಮುಂದಿನ ಮಾತಿಗೆ ಕಿವಿಗೊಡದಿದ್ದರೆ, ಅದು ಹೆಣ್ಣಿನ ದುಡಿಮೆಯನ್ನು ಗೌರವಿಸಿದ್ದಕ್ಕಿಂತ ಹಳೆಯ ಕಲ್ಲನ್ನು ಗೌರವಿಸಿದಂತಾಗುತ್ತದೆ. ಇಲ್ಲಿಯ ಶೀಟಿನ ಮನೆಗಳಲ್ಲಿ, ಸಾಲುಕೋಣೆಗಳ ವಠಾರಗಳಲ್ಲಿ ಬಾಡಿಗೆಗಿರುವವರ ನಡುವೆ ನಿಂತು ಮನೆ ಮಂಚಮ್ಮನ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಆ ಕಥೆ ಹಳತಾಗಿಲ್ಲ ಎಂಬುದು ತಿಳಿಯುತ್ತದೆ.

ಕೊರತೆಯ ಕಾರಣಗಳು

ಇಂತಹ ವಸ್ತು ಸಂಶೋಧನೆಯ ಮುಖ್ಯವಾಹಿನಿಗೆ ಬಾರದಿರುವುದಕ್ಕೆ ವ್ಯಕ್ತಿಗಳ ಅಲಕ್ಷ್ಯವೊಂದೇ ಕಾರಣವಲ್ಲ. ಪರಿಭಾಷೆಯೇ ಮೊದಲ ಕಾರಣ. ಗ್ರಾಮೀಣ, ಅನಕ್ಷರಸ್ಥ, ಪ್ರಾಚೀನ ಎಂಬ ಮೂರು ವಿಶೇಷಣಗಳಿಂದ ಜಾನಪದವನ್ನು ವ್ಯಾಖ್ಯಾನಿಸಿದಾಗ ಹೆಬ್ಬಗೋಡಿಯ ಅಕ್ಷರಸ್ಥ ಕಾರ್ಮಿಕ ಅದರ ಹೊರಗೆ ಉಳಿಯುತ್ತಾನೆ. ಬೆಂಗಳೂರಿನ ಕರಗ, ಕೆರೆ ಮತ್ತು ನಗರದ ನೆನಪುಗಳ ಸಂಬಂಧವನ್ನು ಶೋಧಿಸಿದ ಸ್ಮೃತಿ ಶ್ರೀನಿವಾಸ್ ಅವರ ಇಂಗ್ಲಿಷ್ ಗ್ರಂಥ 2001ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಅದರ ಕರ್ತೃ ಮಾನವಶಾಸ್ತ್ರದ ಹಿನ್ನೆಲೆಯವರು. ಬೆಂಗಳೂರಿನದೇ ಆಚರಣೆಯನ್ನು ನಗರದ ಆಚರಣೆಯೆಂದೇ ಓದುವ ಇಂತಹ ಕ್ರಮ ಕನ್ನಡದ ಜಾನಪದ ವಿಭಾಗಗಳ ವಾಡಿಕೆಯಾಗಬೇಕಿತ್ತು. ಆನೇಕಲ್ಲಿನ ಕರಗವೂ ಅಂತಹ ಓದಿಗೆ ಕಾದಿದೆ.

ಎರಡನೆಯದು ಭಾಷೆಯ ಕಾರಣ. ಆನೇಕಲ್ ಗಡಿ ತಾಲ್ಲೂಕು. ಕನ್ನಡದೊಂದಿಗೆ ತೆಲುಗು, ತಮಿಳು ಮನೆಮಾತುಗಳು ಇಲ್ಲಿ ಬಹುಕಾಲದಿಂದ ಬೆರೆತಿವೆ. ಕೈಗಾರಿಕೆಗಳ ನಂತರ ಒಡಿಯಾ, ಬಂಗಾಳಿ, ಹಿಂದಿಗಳೂ ಸೇರಿವೆ. ಕನ್ನಡ ವಿಭಾಗಗಳ ಆಶ್ರಯದಲ್ಲಿ ಬೆಳೆದ ಜಾನಪದ ಅಧ್ಯಯನ ಕನ್ನಡ ಪಠ್ಯವನ್ನಷ್ಟೇ ಅರಸಿತು. ಒಬ್ಬಳೇ ಅಜ್ಜಿ ಎರಡು ಭಾಷೆಗಳಲ್ಲಿ ಹಾಡುವಾಗ ಅರ್ಧ ಹಾಡನ್ನು ಕೈಬಿಟ್ಟು ಬರೆದುಕೊಳ್ಳುವ ಕ್ರಮದಿಂದ ಕನ್ನಡಕ್ಕೂ ನಷ್ಟವೇ.

ಮೂರನೆಯದು ಸಂಸ್ಥೆಯ ರಚನೆ. ನೂರಾರು ಕಾಲೇಜುಗಳ ಸಂಯೋಜನೆ ಮತ್ತು ಪರೀಕ್ಷೆಗಳ ಹೊರೆ ಸಂಶೋಧನೆಯ ವ್ಯವಧಾನವನ್ನು ನುಂಗಿತು. 2004ರಲ್ಲಿ ತುಮಕೂರು ಪ್ರತ್ಯೇಕವಾಯಿತು. 2017ರಲ್ಲಿ ಬೆಂಗಳೂರು ಕೇಂದ್ರ ಮತ್ತು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಗಳು ಬೇರ್ಪಟ್ಟವು. ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು ಅನಂತರ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಆಡಳಿತದ ಹೊರೆಯನ್ನು ಇಳಿಸುವುದು ವಿಭಜನೆಯ ಉದ್ದೇಶವಾಗಿತ್ತು. ಉಳಿದ ವ್ಯವಧಾನ ಸಂಶೋಧನೆಗೆ ಸಂದರೆ ಮಾತ್ರ ಅದು ಸಾರ್ಥಕ.

ಜಾನಪದಕ್ಕಾಗಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವೇ ಸ್ಥಾಪನೆಯಾಗಿರುವಾಗ ಇತರ ವಿಶ್ವವಿದ್ಯಾಲಯಗಳಿಗೆ ಈ ಹೊಣೆ ಏಕೆ ಎಂಬ ಆಕ್ಷೇಪ ಬರಬಹುದು. ಕರ್ನಾಟಕ ಜಾನಪದ ವಿಶ್ವವಿದ್ಯಾಲಯದ ಸ್ಥಾಪನೆ ಸ್ವಾಗತಾರ್ಹವಾದುದು. ಆದರೆ ಜಾನಪದವನ್ನು ಒಂದು ಸಂಸ್ಥೆಗೆ ವಹಿಸಿಕೊಟ್ಟು ಉಳಿದವು ನಿರಾಳವಾಗುವುದು ಹಳೆಯ ಸಂಗ್ರಹಾಲಯದ ತರ್ಕದ ಮುಂದುವರಿಕೆಯೇ ಆದೀತು. ಹೆಬ್ಬಗೋಡಿಯ ತೇರು, ಕೆರೆ, ಕೂಲಿಗಳನ್ನು ಅರಿಯಲು ಎಂಜಿನಿಯರಿಂಗ್, ಜಲವಿಜ್ಞಾನ, ಅರ್ಥಶಾಸ್ತ್ರ, ಜಾನಪದ ಎಲ್ಲವೂ ಒಂದೇ ಅಂಗಳದಲ್ಲಿ ಮಾತನಾಡಬೇಕು. ಬಹುವಿಷಯಗಳ ದೊಡ್ಡ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಮಾತ್ರ ಅದು ಸಾಧ್ಯ.

ಸಮಾರೋಪ

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೊ ಸಂಚಾರ ಆರಂಭವಾಗಿ, ಹೆಬ್ಬಗೋಡಿಗೂ ನಿಲ್ದಾಣ ಬಂದಿತು. ಅದರ ಹೆಸರಿನಲ್ಲಿ ಊರಿನ ಹೆಸರಿಗೆ ಮೊದಲು ಉದ್ಯಮದ ಹೆಸರು ಸೇರಿಕೊಂಡಿದೆ. ಊರಿನ ಗುರುತು ಎಷ್ಟು ವೇಗವಾಗಿ ಬದಲಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಮೇಲಿನ ಪರಿಶೀಲನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಬೆಂಗಳೂರು ವಿಶ್ವವಿದ್ಯಾಲಯ ಜನಪದ ಲೋಕವನ್ನು ಪ್ರಶ್ನಿಸಿದೆ, ಅದರಿಂದ ಪ್ರೇರಣೆ ಪಡೆದಿದೆ, ತನ್ನ ಶ್ರೇಷ್ಠ ಕ್ಷಣಗಳಲ್ಲಿ ಅದಕ್ಕೆ ಕಿವಿಗೊಟ್ಟಿದೆ. ಆದರೆ ತನ್ನ ಅಂಚಿನ ಊರುಗಳನ್ನು ಅಧ್ಯಯನದ ಕೇಂದ್ರವಾಗಿಸುವ ಕೆಲಸ ಬಾಕಿ ಇದೆ. ಅದಕ್ಕೆ ದೊಡ್ಡ ಯೋಜನೆಯೇ ಬೇಕೆಂದಿಲ್ಲ. ಈ ವಲಯದ ಪದವಿ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಕೆರೆ, ಗುಡಿ, ಜಾತ್ರೆ, ಕಾರ್ಖಾನೆಗಳ ಕಥನಗಳನ್ನು ಯಾವ ಭಾಷೆಯಲ್ಲಿ ದೊರೆತರೆ ಆ ಭಾಷೆಯಲ್ಲಿಯೇ ಧ್ವನಿಮುದ್ರಿಸಿ, ಹೇಳಿದವರ ಒಪ್ಪಿಗೆಯೊಂದಿಗೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸೇರಿಸುವ ಪಠ್ಯಕ್ರಮ ರೂಪಿಸಬಹುದು. ಹಾಗೆ ಸಂಗ್ರಹವಾದುದರ ಪ್ರತಿ ಆಯಾ ಊರಿನ ಗ್ರಂಥಾಲಯಕ್ಕೂ ಮರಳಬೇಕು. ನೀರಗಂಟಿಯ ಕೆಲಸ ಕಂಡವರು, ತೇರಿನ ಮರ ಜೋಡಿಸಿದವರು, 2016ರಲ್ಲಿ ರಸ್ತೆಗಿಳಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕಾಗಿದೆ.